ಯುಗಾದಿಯಿಂದ ಯುಗಾದಿಗೆ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದಿದ್ದೇನೆ. ಮುಯ್ಯಿಯ ಸೀರೆಗಳನ್ನು ಏನು ಮಾಡಲಿ?

ಪ್ರಶ್ನೆ: ಶಿರಾ ಗೇಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ಕಳೆದ ಯುಗಾದಿಯ ಮರುದಿನ ಬೀರುವಿನ ಬಾಗಿಲು ಹಾಕಲಾಗದೆ, ಮೊಣಕಾಲಿನಿಂದ ಒತ್ತಿ ಹಿಡಿದು ಹಿಡಿಕೆ ತಿರುಗಿಸಬೇಕಾಗಿ ಬಂದಾಗ, ಮುಂದಿನ ಯುಗಾದಿಯವರೆಗೆ ನನಗಾಗಿ ಒಂದೇ ಒಂದು ಬಟ್ಟೆಯನ್ನೂ ಕೊಳ್ಳುವುದಿಲ್ಲವೆಂದು ತೀರ್ಮಾನಿಸಿದೆ. ಆ ವಾರವೇ ಎಲ್ಲವನ್ನೂ ಮಂಚದ ಮೇಲೆ ಸುರಿದು ಎಣಿಸಿದೆ. ಸೀರೆಗಳು 94, ಚೂಡಿದಾರ್ ಸೆಟ್ಟುಗಳು 23, ಹೊಲಿಸದೆ ಹಾಗೆಯೇ ಬಿದ್ದಿರುವ ರವಿಕೆ ಕಣಗಳು 61. ದಿನವೂ ಕಚೇರಿಗೆ ಹೋಗುವವಳಾಗಿದ್ದರೂ ಹಿಂದಿನ ಒಂದು ವರ್ಷದಲ್ಲಿ ನಾನು ಉಟ್ಟದ್ದು ಹೆಚ್ಚೆಂದರೆ 20 ಸೀರೆಗಳನ್ನು. ಮಿಕ್ಕವು ಬೀರುವಿನಲ್ಲಿ ಜಾಗ ಹಿಡಿದು ಕುಳಿತಿವೆ.

ಕೊಳ್ಳದೆ ಇರುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಫೋನಿನಲ್ಲಿದ್ದ ಎರಡು ಖರೀದಿ ಆಪ್‌ಗಳನ್ನು ತೆಗೆದುಹಾಕಿದ್ದರಿಂದ, ರಾತ್ರಿ ಮಲಗುವ ಮುನ್ನ ಸುಮ್ಮನೆ ನೋಡುತ್ತಾ ಹೋಗಿ ಏನನ್ನಾದರೂ ತರಿಸಿಕೊಳ್ಳುವ ಚಾಳಿ ಹದಿನೈದು ದಿನಗಳಲ್ಲಿ ಬಿಟ್ಟುಹೋಯಿತು. ಆಷಾಢದ ಸೇಲ್ ಕೂಡ ಬಂದು ಹೋಯಿತು. ಎಂ.ಜಿ. ರಸ್ತೆಯಲ್ಲಿ ನಡೆದುಹೋಗುವಾಗ ಒಂದು ಅಂಗಡಿಯ ಮುಂದೆ ಕಾಲು ನಿಂತದ್ದು ನಿಜ, ಒಳಗೆ ಹೋಗಲಿಲ್ಲ.

ಆದರೆ ನಾನು ಕೊಳ್ಳದಿದ್ದರೂ ಬೀರು ತುಂಬುತ್ತಲೇ ಇದೆ. ಈ ನಾಲ್ಕು ತಿಂಗಳಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ಒಂದು ಸೀಮಂತ ಮುಗಿಯುವಷ್ಟರಲ್ಲಿ 5 ಸೀರೆಗಳೂ 14 ರವಿಕೆ ಕಣಗಳೂ ಮನೆಗೆ ಬಂದಿವೆ. ಅವರ ಮಗಳ ಮದುವೆಗೆ ನಾವು ಸೀರೆ ಕೊಟ್ಟಿದ್ದೆವು, ಈಗ ಅವರು ನಮಗೆ ಕೊಡುತ್ತಾರೆ, ನಾಳೆ ನಾವು ಮತ್ತೆ ಕೊಡಬೇಕು. ಹೀಗೆ ಮುಯ್ಯಿ ತೀರಿಸಲೆಂದು ನಾನು ಅಂಗಡಿಗೆ ಹೋಗುವುದು ನನ್ನ ವ್ರತದ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಮೊದಲನೆಯ ಗೊಂದಲ. ಇನ್ನು ವರಮಹಾಲಕ್ಷ್ಮಿ, ಗೌರಿ ಬಾಗಿನ ಎದುರಿಗೇ ಇವೆ. ಹೋದ ವರ್ಷ ಉಟ್ಟದ್ದನ್ನೇ ಉಟ್ಟು ಕುಂಕುಮಕ್ಕೆ ಹೋದರೆ ನಮ್ಮ ಮನೆಯ ಪರಿಸ್ಥಿತಿ ಸರಿಯಿಲ್ಲವೆಂದು ಜನ ಭಾವಿಸುತ್ತಾರೆ ಎಂಬುದು ನಮ್ಮ ಅತ್ತೆಯವರ ಆತಂಕ. ಅದನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ.

ಎರಡನೆಯದಾಗಿ, ಒಳ್ಳೆಯ ಸೀರೆಗಳಲ್ಲಿ ಸುಮಾರು 30ನ್ನು ಉಡಲಾಗದಿರುವುದಕ್ಕೆ ಕಾರಣ ಸೀರೆಯಲ್ಲ, ರವಿಕೆ. ಎರಡನೆಯ ಹೆರಿಗೆಯ ನಂತರ ಅವು ಯಾವುವೂ ನನ್ನ ತೋಳಿಗೆ ಏರುವುದಿಲ್ಲ. ಮೂರನೆಯದಾಗಿ, ದಿನಬಳಕೆಯ ಹತ್ತಿ ಬಟ್ಟೆಗಳು ನಮ್ಮ ಬೋರ್‌ವೆಲ್ ನೀರಿನಲ್ಲಿ ಆರೇ ತಿಂಗಳಿಗೆ ಹಪ್ಪಳದಂತಾಗಿ, ಬಣ್ಣ ಕಳೆದುಕೊಂಡು, ಇದ್ದೂ ಇಲ್ಲದಂತಾಗುತ್ತವೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಹೊಲಿಗೆ ಮನೆ, ತಿಪಟೂರು

ಅಕ್ಕಾ, ನಾನು 26 ವರ್ಷಗಳಿಂದ ರವಿಕೆ ಹೊಲಿಯುತ್ತಿರುವುದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಆ 30 ರವಿಕೆಗಳನ್ನು ತಿರುವಿ ಹಾಕಿ, ಕಂಕುಳಿನಿಂದ ಸೊಂಟದವರೆಗಿನ ಪಕ್ಕದ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ದರ್ಜಿಗಳು ಅಲ್ಲಿ ಒಂದು ಇಂಚಾದರೂ ಬಟ್ಟೆಯನ್ನು ಒಳಗೆ ಬಿಟ್ಟು, ಕಾಲು ಇಂಚಿನ ಅಂತರದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಎರಡೂ ಪಕ್ಕಗಳಲ್ಲಿ ಒಂದೊಂದು ಸಾಲು ಬಿಚ್ಚಿದರೆ, ಮುಂದಿನ ಮತ್ತು ಹಿಂದಿನ ಭಾಗ ಎರಡೂ ಸೇರಿ, ಸುತ್ತಳತೆ ಒಂದು ಇಂಚು ಹಿಗ್ಗುತ್ತದೆ. ಎರಡೆರಡು ಸಾಲು ಬಿಚ್ಚಿದರೆ ಎರಡು ಇಂಚು. ತೋಳಿನೊಳಗೂ ಹೀಗೆಯೇ ಬಟ್ಟೆ ಅಡಗಿರುತ್ತದೆ. ನಿಮ್ಮ 30ರಲ್ಲಿ ಅರ್ಧದಷ್ಟಾದರೂ ಇಷ್ಟಕ್ಕೇ ಸರಿಹೋಗಬಹುದೆಂದು ನನ್ನ ಅಂದಾಜು.

ಒಳಗೆ ಬಟ್ಟೆ ಬಿಟ್ಟಿರದಿದ್ದರೆ ಕಂಕುಳಿನ ಕೆಳಗೆ ಮೇಲಿನಿಂದ ಕೆಳಗಿನವರೆಗೆ ಎರಡು ಬೆರಳಗಲದ ಪಟ್ಟಿಯೊಂದನ್ನು ಸೇರಿಸಿ ಹೊಲಿಯಬಹುದು. ಅದಕ್ಕೆ ಬೇಕಾದ ಬಟ್ಟೆ ನಿಮ್ಮ ಬಳಿ ಇರುವ 61 ಕಣಗಳಲ್ಲೇ ಇದೆ. ಬಣ್ಣ ಅಚ್ಚುಕಟ್ಟಾಗಿ ಹೊಂದಬೇಕೆಂದೇನೂ ಇಲ್ಲ. ಒಂದು ಕಡೆಯದನ್ನು ಸೆರಗು ಮರೆಮಾಡುತ್ತದೆ, ಇನ್ನೊಂದು ಕಡೆಯದು ಕೈ ಎತ್ತಿದಾಗ ಮಾತ್ರ ಕಾಣುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಿಚ್ಚಿದ ಜಾಗದಲ್ಲಿ ಹಳೆಯ ಸೂಜಿಯ ಗುರುತು ಉಳಿಯುತ್ತದೆ, ಒಳಗಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಗಾಢವಾಗಿರುತ್ತದೆ. ಒಳಮಗ್ಗುಲಲ್ಲಿ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಸೂಜಿಯ ಗುರುತು ಬಹುಮಟ್ಟಿಗೆ ಮಾಯುತ್ತದೆ. ಬಣ್ಣದ ಗೆರೆ ಮಾತ್ರ ಹೋಗುವುದಿಲ್ಲ.

ಇಂಥ ಕೆಲಸವನ್ನು ಬಹಳ ಮಂದಿ ದರ್ಜಿಗಳು ಒಪ್ಪಿಕೊಳ್ಳುವುದಿಲ್ಲ, ಅದಕ್ಕೆ ನಾವೇ ಹೊಣೆ ಎಂದು ದೂರುವವರಿದ್ದಾರೆ. ಆದರೆ ಹೊಲಿಗೆ ಬಿಚ್ಚುವುದಕ್ಕೆ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊಸ ರವಿಕೆಗೆ ಕೇಳಿದಷ್ಟು ಕೊಡುವವರು ಇದಕ್ಕೆ 60 ರೂಪಾಯಿ ಕೇಳಿದರೆ ಚೌಕಾಶಿಗಿಳಿಯುತ್ತಾರೆ. ಹಬ್ಬದ ಮುಂಚಿನ ಹದಿನೈದು ದಿನಗಳಲ್ಲಿ ಯಾರನ್ನೂ ಕೇಳಬೇಡಿ. ಕೈತುಂಬ ಕೆಲಸವಿಲ್ಲದ ದಿನಗಳಲ್ಲಿ ಒಟ್ಟಿಗೆ ಹತ್ತು ರವಿಕೆ ಒಯ್ದರೆ ಸಂತೋಷದಿಂದಲೇ ಮಾಡಿಕೊಡುತ್ತಾರೆ. ಅದೂ ಆಗದ ಸೀರೆಗಳಿಗಾಗಿ ನಿಮ್ಮ ಕಣಗಳಿಂದಲೇ ಕಪ್ಪು, ಕಡುಗೆಂಪು ಮತ್ತು ಮಾಸಲು ಚಿನ್ನದ ಬಣ್ಣದ ಮೂರು ರವಿಕೆಗಳನ್ನು ಹೊಲಿಸಿಟ್ಟುಕೊಳ್ಳಿ. ಯಾವುದೇ ಸೀರೆಗೆ ಈ ಮೂರರಲ್ಲಿ ಒಂದು ಒಗ್ಗಿಯೇ ತೀರುತ್ತದೆ.

ದಿನವೂ ಉಡುವ ಹತ್ತಿ ಸೀರೆಗಳು ಮೊದಲು ಸವೆಯುವುದು ಹಿಮ್ಮಡಿಗೆ ಉಜ್ಜುವ ಅಂಚಿನಲ್ಲಿ. ಎರಡೂ ಅಂಚು ಒಂದೇ ಅಗಲವಾಗಿ, ಎರಡೂ ಮಗ್ಗುಲು ಒಂದೇ ರೀತಿ ಕಾಣುವ ಕೈಮಗ್ಗದ ಸೀರೆಯಾದರೆ ಫಾಲ್ಸ್ ಬಿಚ್ಚಿ, ಮೇಲಿನ ಅಂಚಿಗೆ ಹಚ್ಚಿಸಿ, ಸೀರೆಯನ್ನು ಬುಡಮೇಲು ಮಾಡಿ ಉಡಿ. ಸವೆದ ಅಂಚು ಸೊಂಟದಲ್ಲಿ ಸಿಕ್ಕಿಹೋಗುತ್ತದೆ. ನಮ್ಮ ತಾಯಿ ಉಟ್ಟದ್ದೆಲ್ಲ ಹೀಗೆಯೇ.

ಉತ್ತರ: ನಾಲ್ಕು ಪ್ಯಾಂಟು, ಚಿಂತಾಮಣಿ

ಗಂಡಸರಿಗೆ ಈ ವ್ರತ ಸುಲಭವೆಂದು ಒಪ್ಪಿಕೊಳ್ಳುತ್ತೇನೆ. ನಾಲ್ಕು ಪ್ಯಾಂಟು ಏಳು ಶರ್ಟುಗಳಲ್ಲಿ ನಾನು ಮೂರು ವರ್ಷ ಕಳೆದಿದ್ದೇನೆ, ಯಾವ ಸಮಾರಂಭದಲ್ಲೂ ಯಾರೂ ಗಮನಿಸಲಿಲ್ಲ. ಅವೇ ಫೋಟೋಗಳಲ್ಲಿ ನನ್ನ ಹೆಂಡತಿ ಯಾವ ಸೀರೆಯನ್ನು ಎರಡನೆಯ ಸಲ ಉಟ್ಟಿದ್ದಾಳೆಂಬುದು ಮಾತ್ರ ಊರಿಗೆಲ್ಲ ನೆನಪಿದೆ. ಶರ್ಟಿನ ಕುರಿತು ಒಂದು ಸಲಹೆ: ಮೈ ಗಟ್ಟಿಯಿದ್ದು ಕಾಲರ್ ಮಾತ್ರ ಸವೆದಿದ್ದರೆ, ಕಾಲರನ್ನು ಬಿಚ್ಚಿಸಿ, ತಿರುಗಿಸಿ ಹೊಲಿಸಿಕೊಳ್ಳಿ. ಸವೆದ ಭಾಗ ಒಳಗೆ ಹೋಗಿ ಶರ್ಟಿಗೆ ಇನ್ನೆರಡು ವರ್ಷ ಆಯಸ್ಸು ಬರುತ್ತದೆ. ನಮ್ಮ ತಂದೆಯ ಕಾಲದಲ್ಲಿ ಇದನ್ನು ದರ್ಜಿಗೆ ವಿವರಿಸಬೇಕಾಗಿರಲಿಲ್ಲ.

ಉತ್ತರ: ನಿವೃತ್ತ ಶಿಕ್ಷಕಿ, ಕೋಲಾರ

ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ನಮ್ಮ ಜಿಲ್ಲೆಯ ಹಳೆಯ ನೋವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಹರಿದುಬರುತ್ತಿದ್ದರೂ, ನಮ್ಮ ಬೀದಿಯಲ್ಲಿ ಬಟ್ಟೆ ಒಗೆಯುವುದು ಆಳದ ಬೋರ್‌ವೆಲ್ಲಿನ ಗಡಸು ನೀರಿನಲ್ಲೇ. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಸೋಪಿನೊಂದಿಗೆ ಕೂಡಿ ಕರಗದ ಜಿಡ್ಡಾಗುತ್ತವೆ. ನೊರೆ ಬರುತ್ತಿಲ್ಲವೆಂದು ನಾವು ಇನ್ನಷ್ಟು ಸೋಪು ಉಜ್ಜುತ್ತೇವೆ, ಆ ಜಿಡ್ಡು ಎಳೆಗಳ ನಡುವೆ ಸೇರಿಕೊಂಡು ಬಟ್ಟೆಯನ್ನು ಮಂಕಾಗಿಸಿ ಗಡುಸಾಗಿಸುತ್ತದೆ. ಆದ್ದರಿಂದ ಬಾರ್ ಸೋಪನ್ನು ಬಿಟ್ಟು ಡಿಟರ್ಜೆಂಟ್ ಪುಡಿ ಬಳಸಿ. ಬಟ್ಟೆ ನೆನೆಹಾಕುವ ಬಕೆಟ್ಟಿಗೆ ಮೊದಲು ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿದರೆ ನೀರು ಮೆದುವಾಗುತ್ತದೆ. ಇದು ಹತ್ತಿಗೆ ಮಾತ್ರ. ರೇಷ್ಮೆಗೂ ಉಣ್ಣೆಗೂ ಸೋಡಾ ತಾಗಿಸಕೂಡದು. ಮಳೆ ಬಂದ ದಿನ ತಾರಸಿಯ ನೀರನ್ನು ಹಿಡಿದಿಟ್ಟು ಒಳ್ಳೆಯ ಬಟ್ಟೆಗಳನ್ನೆಲ್ಲ ಅದರಲ್ಲಿ ಒಗೆಯುವುದು ನನ್ನ ರೂಢಿ. ಬಣ್ಣದವನ್ನು ತಿರುವಿ ಹಾಕಿ ನೆರಳಿನಲ್ಲಿ ಒಣಗಿಸಿ. ನಮ್ಮ ಬಿಸಿಲು ಸೋಪಿಗಿಂತ ಬೇಗ ಬಣ್ಣ ತಿನ್ನುತ್ತದೆ.

ಒಂದು ಹತ್ತಿ ಟೀ ಶರ್ಟು ತಯಾರಾಗಲು, ಹತ್ತಿ ಬೆಳೆಯುವ ನೀರೂ ಸೇರಿದಂತೆ, ಸುಮಾರು 2,700 ಲೀಟರ್ ನೀರು ಬೇಕೆಂದು ಅಂದಾಜು ಮಾಡುತ್ತಾರೆ. ನಾವು ಶುದ್ಧ ನೀರಿನ ಘಟಕದಿಂದ ಹೊತ್ತು ತರುವ 20 ಲೀಟರಿನ ಕ್ಯಾನುಗಳ ಲೆಕ್ಕದಲ್ಲಿ ಅದು 135 ಕ್ಯಾನು. ಮೊಮ್ಮಗನಿಗೆ ಈ ಲೆಕ್ಕ ಮಾಡಿಸಿದ ದಿನ ಅವನು ತನ್ನ ಟೀ ಶರ್ಟುಗಳನ್ನು ಎಣಿಸಲು ಒಪ್ಪಲಿಲ್ಲ.

ಮುಯ್ಯಿಯ ವಿಷಯದಲ್ಲಿ ನೀವು ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ, ತಾಯಿ. ಬಂದ ಕಣಗಳು ಕುಂಕುಮದ ತಟ್ಟೆಯಲ್ಲಿ ಮತ್ತೆ ಹೊರಟುಹೋಗುವುದು ನಮ್ಮಲ್ಲಿ ಎಲ್ಲರಿಗೂ ತಿಳಿದಿರುವ, ಯಾರೂ ಬಾಯಿಬಿಟ್ಟು ಹೇಳದ ಪದ್ಧತಿ. ಯಾರಿಂದ ಬಂತೆಂದು ಚೀಟಿ ಬರೆದು ಪಿನ್ನು ಹಾಕಿಡುವುದೊಂದನ್ನು ಮರೆಯಬೇಡಿ. ಮೂಲೆಯಲ್ಲಿ ಅರಿಸಿನದ ಕಲೆಯಿದ್ದ ನೇರಳೆ ಬಣ್ಣದ ಕಣವೊಂದು ನನ್ನ ಕೈಯಿಂದ ಹೋಗಿ, ಮೂರು ವರ್ಷ ಯಾರ್ಯಾರ ಮನೆ ಸುತ್ತಿತೋ, ಅದೇ ಕಲೆಯೊಂದಿಗೆ ನನ್ನ ಮಡಿಲಿಗೇ ಬಂದು ಬಿದ್ದಿತ್ತು. ಸೀರೆಯ ಮುಯ್ಯಿಗೆ ಬದಲಾಗಿ ಹಣದ ಮುಯ್ಯಿ ಬರೆಸಲು ಆರಂಭಿಸಿ. ಹತ್ತಿರದ ನಾಲ್ಕು ಮನೆಗಳಲ್ಲಿ ಹಿರಿಯರೊಂದಿಗೆ ಮೊದಲೇ ಮಾತನಾಡಿ, ಇನ್ನು ಮುಂದೆ ನಮಗೂ ಸೀರೆ ಬೇಡವೆಂದು ಹೇಳಿಬಿಡಿ. ನಾವು ಹಾಗೆ ಹೇಳಿದಾಗ ಒಬ್ಬರು ಮುನಿಸಿಕೊಂಡರು. ಮೂವರು, ಇದನ್ನು ಮೊದಲೇ ಹೇಳಬಾರದಿತ್ತೇ ಎಂದರು.

ಉತ್ತರ: ರೀಲರ್ ಮನೆಯವನು, ಶಿಡ್ಲಘಟ್ಟ

ಮೇಡಂ, ನಮ್ಮದು ಗೂಡಿನಿಂದ ನೂಲು ಬಿಚ್ಚುವ ಮನೆ. ಎಲ್ಲರೂ ಸೀರೆ ಕೊಳ್ಳುವುದನ್ನು ನಿಲ್ಲಿಸಿದರೆ ನಮ್ಮ ಒಲೆ ಉರಿಯುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿಯೇ ಮುಂದಿನ ಮಾತು ಬರೆಯುತ್ತಿದ್ದೇನೆ. ಒಂದು ಕೆ.ಜಿ. ರೇಷ್ಮೆ ನೂಲಿಗೆ, ಗೂಡಿನ ಗುಣಮಟ್ಟ ನೋಡಿಕೊಂಡು, 6ರಿಂದ 8 ಕೆ.ಜಿ. ಗೂಡು ಬೇಕು. ಅರ್ಧ ಕೆ.ಜಿ. ನೂಲು ಹಿಡಿಯುವ ಸೀರೆಯೆಂದರೆ 3ರಿಂದ 4 ಕೆ.ಜಿ. ಗೂಡು, ಅದರ ಹಿಂದೆ ಹಿಪ್ಪುನೇರಳೆ ಸೊಪ್ಪು ಕೊಯ್ದವರು, ರಾತ್ರಿಯೂ ಎದ್ದು ಹುಳುವಿಗೆ ಸೊಪ್ಪು ಹಾಕಿದವರು, ಬಿಸಿ ನೀರಿನಲ್ಲಿ ಬೆರಳು ಬೇಯಿಸಿಕೊಂಡು ಎಳೆ ಹಿಡಿದವರು ಇದ್ದಾರೆ. ಅಂಥ ಸೀರೆಯನ್ನು ಹತ್ತು ವರ್ಷಕ್ಕೊಂದು ಕೊಂಡು ಮೂವತ್ತು ವರ್ಷ ಉಡುವವರಿಂದ ನಮಗೆ ಕೇಡಿಲ್ಲ. ಹಬ್ಬಕ್ಕೊಂದರಂತೆ 700 ರೂಪಾಯಿಯ ಪಾಲಿಯೆಸ್ಟರ್ ಸೀರೆಯನ್ನು ರೇಷ್ಮೆಯೆಂದುಕೊಂಡು ಕೊಳ್ಳುವ ಅಭ್ಯಾಸವೇ ನಮ್ಮನ್ನು ತಿಂದಿರುವುದು.

ಆದ್ದರಿಂದ ನಿಮ್ಮ 94ನ್ನು ಮೊದಲು ವಿಂಗಡಿಸಿ. ಸೆರಗಿನ ತುದಿಯಿಂದ ಒಂದೆರಡು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಬಿಸಿಯಿರುವಾಗ ಅದನ್ನು ಮುಟ್ಟಬೇಡಿ. ನಿಜವಾದ ರೇಷ್ಮೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಮಡಿಸಿದ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಿರಲಿ. ಹಳೆಯ ಜರಿ ಸೀರೆ ಕೊಳ್ಳುತ್ತೇವೆಂದು ಬೀದಿಯಲ್ಲಿ ಕೂಗುತ್ತಾ ಬರುವವರು ಹುಡುಕುವುದು ಜರಿಯಲ್ಲಿರುವ ಬೆಳ್ಳಿಯನ್ನು. ಜಾಗವಿಲ್ಲವೆಂಬ ಬೇಸರದಲ್ಲಿ ಅಜ್ಜಿಯ ಸೀರೆಯನ್ನು ಅವರ ತಕ್ಕಡಿಗೆ ಹಾಕಬೇಡಿ. ಸ್ಟೀಲ್ ಪಾತ್ರೆಯವರಿಗೆ ಕೊಡುವುದಾದರೆ ಮಣಿಯಾದವುಗಳನ್ನು ಕೊಡಿ.

ಮತ್ತೆ ಶಿರಾ ಗೇಟ್, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳಲ್ಲಿ ಆದಷ್ಟನ್ನು ತಿಳಿಸುತ್ತೇನೆ. ತಿರುವಿ ನೋಡಿದ 30 ರವಿಕೆಗಳಲ್ಲಿ 17ರಲ್ಲಿ ಒಳಗೆ ಬಟ್ಟೆ ಸಿಕ್ಕಿತು. ಹಬ್ಬ ಮುಗಿದ ಮೇಲೆ ತನ್ನಿ ಎಂದು ನಮ್ಮ ಬೀದಿಯ ದರ್ಜಿ ಹೇಳಿದ್ದಾರೆ, ಎರಡನ್ನು ಮಾತ್ರ ಈಗಲೇ ಬಿಚ್ಚಿಕೊಟ್ಟರು. ರೇಷ್ಮೆಯೆಂದು ನಾನು ಇಷ್ಟು ವರ್ಷ ಡ್ರೈ ಕ್ಲೀನಿಗೆ ಕೊಡುತ್ತಿದ್ದವುಗಳಲ್ಲಿ 8 ಸೀರೆಗಳ ಎಳೆ ಮಣಿಯಾಯಿತು. ಅವನ್ನು ಇನ್ನು ಮನೆಯಲ್ಲೇ ಒಗೆದು ಕಚೇರಿಗೆ ಉಡುತ್ತೇನೆ. ಕಣಗಳಿಗೆಲ್ಲ ಚೀಟಿ ಬಿದ್ದಿದೆ. 9ರ ಮೂಲ ಮಾತ್ರ ಯಾರಿಗೂ ನೆನಪಿಲ್ಲದ್ದರಿಂದ ಅವು ರವಿಕೆಯ ಪಟ್ಟಿಗಳಾಗಲಿವೆ.

ಅತ್ತೆಯವರು ಎರಡು ದಿನ ದೂರದಿಂದಲೇ ನೋಡುತ್ತಿದ್ದವರು, ಮೂರನೆಯ ದಿನ ತಮ್ಮ ಟ್ರಂಕಿನಿಂದ 1979ರ ಮದುವೆಯ ಸೀರೆಯನ್ನು ತೆಗೆದು ತಂದು, ವರಮಹಾಲಕ್ಷ್ಮಿಗೆ ಇದನ್ನು ಉಡು, ಇದನ್ನು ಉಟ್ಟರೆ ಯಾರೂ ಏನೂ ಅನ್ನುವುದಿಲ್ಲ ಎಂದರು. ಮಡಿಕೆಯ ಎರಡು ಗೆರೆಗಳಲ್ಲಿ ಜರಿ ಬಿಟ್ಟಿದೆ, ಮಿಕ್ಕಂತೆ ಗಟ್ಟಿಯಾಗಿದೆ. ಪರೀಕ್ಷೆಗೆಂದು ಒಂದು ಎಳೆ ಕೀಳಲು ಹೋದಾಗ ಮಾತ್ರ ಸೀರೆಯನ್ನು ನನ್ನ ಕೈಯಿಂದ ಕಸಿದುಕೊಂಡರು.