ಬಿ.ಎ. ಮನೋವಿಜ್ಞಾನದ ಕ್ಷೇತ್ರಕಾರ್ಯ: ಆಸ್ಪತ್ರೆಯೋ, ವಿಶೇಷ ಮಕ್ಕಳ ಶಾಲೆಯೋ?

ಸಪ್ತಾಪುರದವಳು:
ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ಕ್ಷೇತ್ರಕಾರ್ಯವೋ ಕಿರುಪ್ರಬಂಧವೋ ಎಂದು ಸೋಮವಾರದೊಳಗೆ ಬರೆದುಕೊಡಬೇಕು. ಕ್ಷೇತ್ರಕಾರ್ಯವಾದರೆ 60 ಗಂಟೆ. ನನಗೆ ಇಲ್ಲಿನ ಡಿಮ್ಹಾನ್ಸ್‌ನಂಥ ಮಾನಸಿಕ ಆಸ್ಪತ್ರೆಗೇ ಹೋಗುವ ಆಸೆ. ಮೇಡಂ ಕೊಟ್ಟ ಪಟ್ಟಿಯಲ್ಲಿರುವುದು ವಿಶೇಷ ಮಕ್ಕಳ ಶಾಲೆ ಮತ್ತು ವೃದ್ಧಾಶ್ರಮ. ಇತ್ತ ಅಪ್ಪ, "ಹುಚ್ಚಾಸ್ಪತ್ರೆಗೆ ಹೋಗಿ ಬಂದವಳು ಎಂದರೆ ನಾಳೆ ಸಂಬಂಧ ಕೇಳಿಕೊಂಡು ಯಾರು ಬರುತ್ತಾರೆ?" ಎನ್ನುತ್ತಾರೆ. ಶಾಲೆಗೆ ಹೋದರೆ ಅರವತ್ತು ಗಂಟೆ ದಂಡವಾಗುತ್ತದೆಯೇ?

ಕಲ್ಲುಬೆಂಚು:
ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ನಾನೂ ಹೀಗೇ ಆಸ್ಪತ್ರೆಗಾಗಿ ಹಟ ಹಿಡಿದಿದ್ದೆ. ಸಿಕ್ಕಿತು ಕೂಡ. ಹತ್ತು ದಿನ ಹೊರರೋಗಿ ವಿಭಾಗದಲ್ಲಿ ಫೈಲು ಜೋಡಿಸಿದೆ. ರೋಗಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ "ನೀವು ಸ್ವಲ್ಪ ಹೊರಗಿರಿ ಅಮ್ಮ" ಎನ್ನುತ್ತಿದ್ದರು. ಅವರದು ತಪ್ಪೆನ್ನಲಾರೆ, ನನ್ನ ಕಷ್ಟವನ್ನು ಹೇಳಿಕೊಳ್ಳುವಾಗ ಇಪ್ಪತ್ತರ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಕೂತಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ಉಳಿದ ಗಂಟೆಗಳನ್ನು ವಿಶೇಷ ಮಕ್ಕಳ ಶಾಲೆಯಲ್ಲಿ ತುಂಬಿಸಿದೆ. ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಸೆಗ್ವಿನ್ ಫಾರ್ಮ್ ಬೋರ್ಡ್ ಎಂಬ, ಮಕ್ಕಳ ಬುದ್ಧಿಮಟ್ಟ ಅಳೆಯುವ ಪರೀಕ್ಷೆಯನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ. ಹಲಗೆಯಲ್ಲಿ ಹತ್ತು ಕುಳಿ, ಅವಕ್ಕೆ ಸರಿಹೊಂದುವ ಹತ್ತು ಮರದ ತುಂಡು. ತುಂಡುಗಳನ್ನು ಮೂರು ಗುಡ್ಡೆ ಮಾಡಿಡುತ್ತಾರೆ, ಮಗು ಆದಷ್ಟು ಬೇಗ ಜೋಡಿಸಬೇಕು. ಮೂರು ಸಲ ಮಾಡಿಸಿ, ಅತಿ ಕಡಿಮೆ ಹೊತ್ತು ಹಿಡಿದ ಸಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಬ್ಬ ಹುಡುಗ ಒಂಬತ್ತನ್ನು ಚಕಚಕನೆ ಕೂರಿಸಿ, ನಕ್ಷತ್ರವನ್ನು ಮಾತ್ರ ಅಂಗಿ ಜೇಬಿಗೆ ಹಾಕಿಕೊಂಡುಬಿಟ್ಟ. ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಪರೀಕ್ಷೆ ಮಾಡುತ್ತಿದ್ದ ಮೇಡಂ ನಗಲಿಲ್ಲ, ಗದರಲಿಲ್ಲ. ಸೆಕೆಂಡುಗಳನ್ನು ಬರೆದು, ಪಕ್ಕದಲ್ಲಿ "ನಕ್ಷತ್ರ ಜೇಬಿನಲ್ಲಿ" ಎಂದೂ ಬರೆದರು. ನನ್ನ ದಿನಚರಿಯಲ್ಲಿ ಬರೀ ಸೆಕೆಂಡುಗಳಿದ್ದವು. ಆ ರಾತ್ರಿ ಇಡೀ ಪುಟವನ್ನು ಹೊಸದಾಗಿ ಬರೆದೆ.

ಚಾಕ್‌ಪೀಸ್ ಮೇಷ್ಟ್ರು:
ನಾನು ಪಾಠ ಮಾಡುವವನು, ಆದ್ದರಿಂದ ಕಾಗದಪತ್ರದ ಮಾತು. ಪದವಿ ವಿದ್ಯಾರ್ಥಿಯ ಕೆಲಸ ನೋಡುವುದು ಮತ್ತು ಬರೆಯುವುದು, ಅಷ್ಟೇ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಂತೆ ಚಿಕಿತ್ಸಾ ಮನೋವಿಜ್ಞಾನಿಯಾಗಿ ವೃತ್ತಿ ನಡೆಸಲು ಅಲ್ಲಿ ನೋಂದಣಿಯಾಗಿರಬೇಕು. ಯಾರಾದರೂ "ನೀವೇ ಕೌನ್ಸೆಲಿಂಗ್ ಮಾಡಿ" ಎಂದರೆ ಕೈಮುಗಿದು ಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಶಾಲೆಯಲ್ಲೂ ಅದೇ ಶಿಸ್ತನ್ನು ಪಾಲಿಸಿ. ಹೆಸರು ಮರೆಮಾಚಿ "ಕ" ಎಂದು ಬರೆದು, ಮುಂದಿನ ಸಾಲಿನಲ್ಲೇ "ನಮ್ಮೂರ ಪೋಸ್ಟ್‌ಮಾಸ್ತರರ ಮಗ" ಎಂದ ಬುದ್ಧಿವಂತನೊಬ್ಬ ನನ್ನ ತರಗತಿಯಲ್ಲೇ ಇದ್ದ.

ವಿಭಾಗದ ಮುಖ್ಯಸ್ಥರ ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಹಾಜರಿ ಸಹಿ ಅಂದಂದಿಗೇ ಆಗಲಿ. ಕೊನೆಯ ದಿನ ಒಟ್ಟಿಗೆ ಹಾಕಿಸುತ್ತೇನೆಂದು ಹೋದರೆ, ಸಹಿ ಮಾಡಬೇಕಾದವರು ಅಂದೇ ರಜೆ ಹಾಕಿರುತ್ತಾರೆ.

ಸಪ್ತಾಪುರದವಳು:
ಅರ್ಜಿಯಲ್ಲಿ ಶಾಲೆಯ ಹೆಸರನ್ನೇ ಬರೆದೆ. ಅಪ್ಪನಿಗೆ "ಶಾಲೆ" ಎಂದಷ್ಟೇ ಹೇಳಿದ್ದೇನೆ, ಖುಷಿಯಾಗಿದ್ದಾರೆ. ಅಕ್ಕ, ಸ್ಟಾಪ್‌ವಾಚ್ ಬೇರೆ ಕೊಳ್ಳಬೇಕೇ, ಮೊಬೈಲಿನದು ಸಾಕೇ?

ಕಲ್ಲುಬೆಂಚು:
ಪರೀಕ್ಷೆ ಮಾಡುವವರ ಬಳಿ ಇರುತ್ತದೆ, ನೀನು ಕೊಳ್ಳಬೇಡ. ಮೊಬೈಲನ್ನಂತೂ ಮೇಜಿನ ಮೇಲೆ ಇಡಲೇಬೇಡ. ನಕ್ಷತ್ರದ ಜೊತೆ ಅದೂ ಜೇಬಿಗೆ ಹೋಗುತ್ತದೆ.