ಸಹಾಯ ಬೇಕು: ಹತ್ತನೇ ಕ್ಲಾಸಿನ ಮಗಳ ಕುತ್ತಿಗೆಗೆ ಮೈಸೂರಿನಲ್ಲಿ ಒಳ್ಳೆ ಫಿಸಿಯೋ

ಎಲ್ಲರಿಗೂ ನಮಸ್ಕಾರ. ಮಗಳು ಪುಸ್ತಕ, ಮೊಬೈಲು ಅಂತ ಬಗ್ಗಿ ಬಗ್ಗಿ ಈಗ ಸುಮ್ನೆ ನಿಂತಾಗಲೂ ತಲೆ ಮುಂದಕ್ಕೇ ಇರುತ್ತದೆ. ಪಕ್ಕದಿಂದ ನೋಡಿದರೆ ಕಿವಿ ಭುಜಕ್ಕಿಂತ ಮುಂದೆ. ಟ್ಯೂಷನ್ ಮುಗಿಸಿ ಬಂದರೆ ತಲೆಬುರುಡೆಯ ಬುಡದಲ್ಲಿ ನೋವು ಅಂತಾಳೆ. ಮೂಳೆ ಡಾಕ್ಟರಿಗೆ ತೋರಿಸಿದ್ದೇವೆ. ಕೈ ಜೋಮು ಹಿಡಿಯುವುದು, ಬಲ ಕಮ್ಮಿಯಾಗುವುದು ಏನೂ ಇಲ್ಲ, ವ್ಯಾಯಾಮ ಮಾಡಿಸಿ ಎಂದರು.

ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದವನ್ನು ನೇರ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯಬೇಕು. ದೃಷ್ಟಿ ಎದುರಿಗೇ ಇರಬೇಕು. ಇವಳೋ, ಗದ್ದ ಎಳಿ ಅಂದರೆ ಕಾಲ್ಬೆರಳು ನೋಡುತ್ತಾಳೆ! ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಎದೆ ಹಿಗ್ಗಿಸುವುದು, ರಬ್ಬರ್ ಬ್ಯಾಂಡ್ ಎಳೆಯುವುದು ಸರಿಯಾಗಿ ಮಾಡುತ್ತಾಳೆ.

ಜೊತೆಗೆ ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಕೊಡಿಸೋಣ ಅಂತಿದ್ದೇವೆ. ಬಿಗಿದ ಸ್ನಾಯು ಸಡಿಲಾದರೆ ನೋವು ಇಳಿದು ವ್ಯಾಯಾಮ ಸಲೀಸಾಗುತ್ತದೆ. ಬರೀ ಒತ್ತಿಸಿಕೊಂಡರೆ ಸಾಲದು, ಅದು ಗೊತ್ತು. ಕುವೆಂಪುನಗರ, ಸರಸ್ವತಿಪುರಂ ಕಡೆ ಈ ವಯಸ್ಸಿನ ಮಕ್ಕಳನ್ನು ನೋಡುವ ಫಿಸಿಯೋ ಇದ್ದರೆ ತಿಳಿಸಿ. ಫಿಸಿಯೋ ಹೆಂಗಸಾದರೆ ಇನ್ನೂ ಒಳ್ಳೆಯದು.

ಲಟಕ್ ಅಂತ ಕುತ್ತಿಗೆ ತಿರುಗಿಸುವವರು ಮಾತ್ರ ಬೇಡ. ಅಪರೂಪಕ್ಕಾದರೂ ರಕ್ತನಾಳಕ್ಕೆ ಪೆಟ್ಟಾಗುತ್ತದಂತಲ್ವಾ. ಬೆನ್ನು ನೆಟ್ಟಗಿಡಲು ಹಾಕುವ ಬೆಲ್ಟಿನ ಸಲಹೆಯೂ ಸಾಕಷ್ಟು ಬಂದಿದೆ, ಅದೂ ಬೇಡ.

ನಿಮ್ಮ ಮಕ್ಕಳಿಗೆ ಕೊಡಿಸಿದ್ದರೆ ಎಷ್ಟು ಸಲ ಹೋಗಬೇಕಾಯಿತು, ಫೀಸು ಎಷ್ಟು, ಮನೆಯಲ್ಲಿ ವ್ಯಾಯಾಮ ತಪ್ಪದಂತೆ ಹೇಗೆ ಮಾಡಿಸಿದಿರಿ, ದಯವಿಟ್ಟು ಬರೆಯಿರಿ.