ಲಿನಕ್ಸ್ ಮಿಂಟ್‌ನಲ್ಲಿ ಗೇಮ್ ತಡೆದು ತಡೆದು ಓಡುತ್ತಿದೆ, ಮುಚ್ಚಿದ ಮೇಲೆ ಐಕಾನ್‌ಗಳೆಲ್ಲ ದೊಡ್ಡದಾಗುತ್ತವೆ

ಕಾಪುವಿನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತಲ್ವಾ. ನನ್ನ ಲ್ಯಾಪ್‌ಟಾಪ್ ಹಳತು, ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ 22 ಹಾಕಿದೆ. ಬ್ರೌಸರ್, ಪ್ರಿಂಟರ್, ಕನ್ನಡ ಟೈಪಿಂಗ್ ಎಲ್ಲ ಸರಿ ಉಂಟು. ಗೇಮ್ ಮಾತ್ರ ಆಗ್ತಾ ಇಲ್ಲ.

ಸೂಪರ್‌ಟಕ್ಸ್‌ಕಾರ್ಟ್ ಅನ್ನುವ ರೇಸಿಂಗ್ ಗೇಮಿನಲ್ಲಿ ಎಫೆಕ್ಟ್ ಸ್ವಲ್ಪ ಜಾಸ್ತಿ ಮಾಡಿದರೆ ಸಾಕು, ತಿರುವಿನಲ್ಲಿ ಗಾಡಿ ನಿಂತು ನಿಂತು ಹೋಗುತ್ತದೆ. ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಆಡುವ ಹಳೇ ವಿಂಡೋಸ್ ಗೇಮ್ ಒಂದು ಉಂಟು. ಅದನ್ನು ಮುಚ್ಚಿದ ಮೇಲೆ ಇಡೀ ಡೆಸ್ಕ್‌ಟಾಪ್ 800×600 ರೆಸಲ್ಯೂಶನ್‌ನಲ್ಲೇ ಉಳಿದು ಐಕಾನ್‌ಗಳೆಲ್ಲ ದೊಡ್ಡದಾಗುತ್ತವೆ.

ಇಂಟೆಲ್ 7ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 1050. ರಿಪೇರಿ ಅಂಗಡಿಯವರು "ಗ್ರಾಫಿಕ್ಸ್ ಹೋಗಿದೆ, ಬೋರ್ಡೇ ಬದಲಿಸಬೇಕು" ಅಂದರು. ಎಂತ ಮಾಡುವುದು?

ಸುರತ್ಕಲ್‌ನಿಂದ, ಉತ್ತರ:

ಬೋರ್ಡಿಗೆ ಈಗಲೇ ದುಡ್ಡು ಹಾಕಬೇಡಿ ಮಾರಾಯ್ರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಉಂಟು: ಪ್ರೊಸೆಸರ್ ಒಳಗಿನ ಇಂಟೆಲ್ ಒಂದು, ಎನ್‌ವಿಡಿಯಾ ಇನ್ನೊಂದು. ಗೇಮಿನ ಚಿತ್ರ ಬಿಡಿಸುತ್ತಿರುವುದು ಯಾವುದು ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಾಗುವ ತನಕ ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಮೆನುವಿನಲ್ಲಿ ಸಿಸ್ಟಮ್ ರಿಪೋರ್ಟ್ಸ್ ತೆರೆಯಿರಿ. ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಗ್ರಾಫಿಕ್ಸ್ ಅನ್ನುವ ಭಾಗ ಸಿಗುತ್ತದೆ. ಅಲ್ಲಿ "ರೆಂಡರರ್" ಮುಂದೆ ಎಂತ ಇದೆ, ಎನ್‌ವಿಡಿಯಾ ಸಾಲಿನಲ್ಲಿ "ಡ್ರೈವರ್" ಮುಂದೆ ಎಂತ ಇದೆ, ಇಷ್ಟು ಹೇಳಿ.

ಮಣಿಪಾಲದಿಂದ:

ಸುಮ್ನೆ ಎನ್‌ವಿಡಿಯಾ ಸೈಟಿನಿಂದಲೇ ಡ್ರೈವರ್ ಇಳಿಸಿ ಹಾಕಿದರೆ ಆಗುವುದಿಲ್ವಾ? ವಿಂಡೋಸ್‌ನಲ್ಲಿ ಹಾಗೇ ಮಾಡುತ್ತಿದ್ದೆವಲ್ಲ.

ಸುರತ್ಕಲ್‌ನಿಂದ:

ಮಿಂಟ್‌ನಲ್ಲಿ ಆ ದಾರಿ ಬೇಡ. ಆ ಡ್ರೈವರ್‌ನ ಲೆಕ್ಕ ಮಿಂಟ್‌ನ ಪ್ಯಾಕೇಜ್ ವ್ಯವಸ್ಥೆಯ ಹತ್ತಿರ ಇರುವುದಿಲ್ಲ. ಮುಂದೆ ಅಪ್‌ಡೇಟ್ ಬಂದಾಗ ಒಂದಕ್ಕೊಂದು ತಾಳೆಯಾಗದೆ ಕಪ್ಪು ಪರದೆ ಬರಬಹುದು. ಹೊಸಬರಿಗೆ ಅಲ್ಲಿಂದ ಎದ್ದು ಬರುವುದು ಕಷ್ಟ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಸಾಕು.

ಕಾಪುವಿನಿಂದ:

ರೆಂಡರರ್: ಮೆಸಾ ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ 630. ಎನ್‌ವಿಡಿಯಾ ಜಿಪಿ107ಎಂ ಅಂತ ಇನ್ನೊಂದು ಸಾಲು ಉಂಟು, ಅದರ ಡ್ರೈವರ್ ಮುಂದೆ "ಎನ್/ಎ". ಆದರೆ ಡ್ರೈವರ್ ಮ್ಯಾನೇಜರ್‌ನಲ್ಲಿ 580-ಓಪನ್ ಅನ್ನುವ ಡ್ರೈವರ್ ಹಾಕಿ ಆಗಿದೆ. ಓಪನ್ ಸೋರ್ಸ್ ಅಂದರೆ ಒಳ್ಳೆಯದಲ್ವಾ ಅಣ್ಣ?

ಸುರತ್ಕಲ್‌ನಿಂದ:

ಕಾರ್ಡ್ ಸಿಸ್ಟಮ್ಮಿಗೆ ಕಾಣುತ್ತಿದೆ. ಅದನ್ನು ಓಡಿಸುವ ಡ್ರೈವರ್ ಮಾತ್ರ ಇಲ್ಲ. ಹಾಗಾಗಿ ಕೆಲಸವೆಲ್ಲ ಇಂಟೆಲ್ ಮೇಲೆ ಬಿದ್ದಿದೆ.

ಓಪನ್ ಒಳ್ಳೆಯದೇ, ಆದರೆ ನಿಮ್ಮ ಕಾರ್ಡಿಗೆ ಅದು ಹೊಂದುವುದಿಲ್ಲ. ಎನ್‌ವಿಡಿಯಾದ ಓಪನ್ ಮಾಡ್ಯೂಲ್ ಟ್ಯೂರಿಂಗ್ ಮತ್ತು ಅದರ ನಂತರದ ಕಾರ್ಡುಗಳಿಗೆ, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸಾಲಿನಿಂದ ಮುಂದಕ್ಕೆ. 1050 ಅದಕ್ಕಿಂತ ಹಿಂದಿನ ಪಾಸ್ಕಲ್. ಹೆಸರಿನ ಕೊನೆಗೆ ಓಪನ್ ಇಲ್ಲದ 580 ಆರಿಸಿ. ಪಾಸ್ಕಲ್‌ಗೆ 580 ಸಾಲೇ ಕೊನೆಯದು, 590 ಹುಡುಕಿಕೊಂಡು ಹೋಗಬೇಡಿ. ಚಾರ್ಜರ್ ಹಾಕಿ, ಬ್ಯಾಟರಿ ತುಂಬಿದ ಮೇಲೆ ಶುರು ಮಾಡಿ. ಈ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕಾಗದು, ಡ್ರೈವರ್ ಅರ್ಧಕ್ಕೆ ನಿಂತರೆ ಹೊಸ ತಲೆನೋವು.

ಇನ್ನೊಂದು ಮಾತು. ಮಿಂಟ್ ಹಾಕಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದಿತ್ತಾ?

ಕಾಪುವಿನಿಂದ:

ಹೌದು, ಬಂದಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೋಯಿತು.

ಸುರತ್ಕಲ್‌ನಿಂದ:

ಹಾಗಾದರೆ ಇದನ್ನು ಗಮನವಿಟ್ಟು ಓದಿ, ಹೊಸಬರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಸೆಕ್ಯೂರ್ ಬೂಟ್ ಆನ್ ಇದ್ದರೆ, ಕಂಪ್ಯೂಟರಿಗೆ ಗುರುತಿಲ್ಲದ ಸಹಿಯ ಡ್ರೈವರ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಒಳಗೆ ಹೋಗುವುದಿಲ್ಲ. ನಿಮ್ಮ ಯಂತ್ರದಲ್ಲೇ ತಯಾರಾದ ಡ್ರೈವರಿಗೆ ಸಹಿ ಹಾಕುವ ಕೀಯನ್ನು ಮೋಕ್ ಅನ್ನುತ್ತಾರೆ. "ಈ ಕೀಯನ್ನು ನಂಬಲಾ?" ಅಂತ ಕೇಳಲಿಕ್ಕೆ ಬಂದದ್ದೇ ಆ ನೀಲಿ ಪರದೆ. ಸುಮಾರು 10 ಸೆಕೆಂಡಿನೊಳಗೆ ಕೀಬೋರ್ಡಿನ ಯಾವ ಕೀಯನ್ನೂ ಒತ್ತದಿದ್ದರೆ ಅದು ಹೊರಟುಹೋಗುತ್ತದೆ, ಸಹಿಯ ಕೀ ಸೇರುವುದಿಲ್ಲ.

580 ಹಾಕುವಾಗ ಸೆಕ್ಯೂರ್ ಬೂಟ್‌ಗೆ ಪಾಸ್‌ವರ್ಡ್ ಕೇಳಿದರೆ ಕನಿಷ್ಠ 8 ಅಕ್ಷರದ್ದು ಕೊಟ್ಟು ಬರೆದಿಟ್ಟುಕೊಳ್ಳಿ. ಕೇಳದಿದ್ದರೆ ಇಲ್ಲೇ ಹೇಳಿ, ಟರ್ಮಿನಲ್‌ನಲ್ಲಿ ಮೋಕ್‌ಯುಟಿಲ್‌ನಿಂದ ಕೀ ಸೇರಿಸುವುದನ್ನು ತೋರಿಸುತ್ತೇನೆ. ರೀಸ್ಟಾರ್ಟ್ ಮಾಡಿ ಪರದೆಯ ಮುಂದೆಯೇ ಕುಳಿತಿರಿ. ನೀಲಿ ಬಂದ ಕೂಡಲೇ ಯಾವುದಾದರೂ ಕೀ ಒತ್ತಿ. ಎನ್‌ರೋಲ್ ಮೋಕ್, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಅಷ್ಟೇ.

ಮಣಿಪಾಲದಿಂದ:

ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರೆ?

ಸುರತ್ಕಲ್‌ನಿಂದ:

ಅದೂ ನಡೆಯುತ್ತದೆ. ಆದರೆ ಪಕ್ಕದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದ ವಿಂಡೋಸ್ ಇದ್ದರೆ ಅದು ರಿಕವರಿ ಕೀ ಕೇಳಿ ನಿಲ್ಲಬಹುದು. ಕೀ ಕೈಯಲ್ಲಿಲ್ಲದೆ ಆ ಕೆಲಸಕ್ಕೆ ಹೋಗಬೇಡಿ. ಒಂದೇ ಸಲ ಕೂತು ಮೋಕ್ ಸೇರಿಸುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಕಾಪುವಿನಿಂದ:

ಪಾಸ್‌ವರ್ಡ್ ಕೇಳಿತು, ನೀಲಿ ಪರದೆಯೂ ಬಂತು, ಎಲ್ಲ ಮಾಡಿದೆ. ಈಗ ಡ್ರೈವರ್ ಮುಂದೆ "ಎನ್‌ವಿಡಿಯಾ" ಅಂತ ಉಂಟು! ಆದರೆ ರೆಂಡರರ್ ಇನ್ನೂ ಇಂಟೆಲ್ ಅಂತಲೇ ತೋರಿಸುತ್ತಿದೆ.

ಸುರತ್ಕಲ್‌ನಿಂದ:

ತುಂಬ ಖುಷಿಯಾಯಿತು. ಗಾಬರಿ ಬೇಡ, ಅದು ಆನ್-ಡಿಮ್ಯಾಂಡ್ ಮೋಡ್, ಅಂದರೆ ಕೇಳಿದಾಗ ಮಾತ್ರ ಎನ್‌ವಿಡಿಯಾ. ಡೆಸ್ಕ್‌ಟಾಪನ್ನು ಇಂಟೆಲ್ ನೋಡಿಕೊಳ್ಳುತ್ತದೆ, ಬ್ಯಾಟರಿ ಉಳಿಯುತ್ತದೆ. ಮೆನುವಿನಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಎನ್‌ವಿಡಿಯಾ ಜಿಪಿಯುವಿನಲ್ಲಿ ಓಡಿಸುವ ಆಯ್ಕೆ ಒತ್ತಿ. ಗೇಮ್ ಓಡುತ್ತಿರುವಾಗಲೇ ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಕೊಟ್ಟರೆ, ಕೆಳಗಿನ ಪಟ್ಟಿಯಲ್ಲಿ ಅದರ ಹೆಸರು ಕಾಣಬೇಕು.

800×600 ಬೇರೆಯದೇ ವಿಷಯ, ಡ್ರೈವರಿಗೂ ಅದಕ್ಕೂ ಸಂಬಂಧ ಇಲ್ಲ. ಹಳೇ ಗೇಮುಗಳು ಇಡೀ ಪರದೆಯ ರೆಸಲ್ಯೂಶನ್ ಬದಲಿಸುತ್ತವೆ, ಮುಚ್ಚುವಾಗ ಕೆಲವು ವಾಪಸ್ ಕೊಡುವುದಿಲ್ಲ. ವೈನ್ ಕಾನ್ಫಿಗರೇಶನ್‌ನ ಗ್ರಾಫಿಕ್ಸ್ ಟ್ಯಾಬಿನಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಟಿಕ್ ಮಾಡಿ 800×600 ಕೊಡಿ. ಆಮೇಲೆ ಗೇಮ್ ಆ ಕಿಟಕಿಯೊಳಗೇ ಇರುತ್ತದೆ.

ಕಾಪುವಿನಿಂದ:

ಎರಡೂ ಸರಿಯಾಯಿತು ಅಣ್ಣ. ಪಟ್ಟಿಯಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಕಂಡಿತು, ಎಫೆಕ್ಟ್ ಪೂರ್ತಿ ಇಟ್ಟರೂ ನಿಲ್ಲುವುದಿಲ್ಲ. ಬೋರ್ಡ್ ಬದಲಿಸುವುದು ಬೇಡ ಅಂತ ಅಂಗಡಿಗೆ ಫೋನ್ ಮಾಡಿದೆ. ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಆ ನೀಲಿ ಪರದೆ ಬರುತ್ತದಾ?

ಸುರತ್ಕಲ್‌ನಿಂದ:

ಇಲ್ಲ. ಹೊಸ ಕರ್ನಲ್‌ಗೆ ಡ್ರೈವರ್ ಮತ್ತೆ ತಯಾರಾದಾಗ ಅದೇ ಕೀಯಿಂದ ಸಹಿ ಬೀಳುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಕೀಗಳನ್ನು ರಿಸೆಟ್ ಮಾಡಿದ ಮೇಲೆ ಡ್ರೈವರ್ ಕಾಣದಿದ್ದರೆ ಮಾತ್ರ ಮೋಕ್ ಇನ್ನೊಮ್ಮೆ ಸೇರಿಸಿ.